ಸ್ವಯಂ ಹಿತಕಿದ ಬೇಳೆ

(ಶಂಕರಪುರಂ. 2020ರ ಫೆಬ್ರವರಿ 3, ಸೋಮವಾರ ಬೆಳಿಗ್ಗೆ. ಜಗುಲಿಯ ಮೇಲೆ ರಾಯರು, ಮುಂದೆ ನೆನೆಸಿದ ಅವರೆಕಾಳು.)

ಶಾಮಣ್ಣ: ಏನ್ ರಾಯ್ರೇ, ಆಫೀಸಿಲ್ವಾ?

ರಾಯರು: ವಿಆರ್‌ಎಸ್ ತಗೊಂಡೆ ಕಣೋ. ಶುಕ್ರವಾರ ಬಿಎಸ್‌ಎನ್‌ಎಲ್‌ನಿಂದ ದೇಶಾದ್ಯಂತ 78 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೇ ಹೊರಬಂದ್ವಿ.

ಶಾಮಣ್ಣ: ಅಬ್ಬಾ! ಲೈನ್ ಇಷ್ಟು ಕ್ಲಿಯರ್ ಆಗಿದ್ದು ಇದೇ ಮೊದಲು! ಇನ್ನು ನಮ್ಮನೆ ಫೋನ್ ಕೆಟ್ರೆ?

ರಾಯರು: ಫೋನ್ ಮಾಡಿ ಹೇಳು.

ಶಾಮಣ್ಣ: ನಿಮಗಿನ್ನೂ ಐವತ್ನಾಲ್ಕು. ಅರವತ್ತರವರೆಗೆ ಇರಬಹುದಿತ್ತಲ್ವಾ?

ರಾಯರು: ಐವತ್ತು ತುಂಬಿದ್ರೆ ಸಾಕು ಅಂದ್ರು. ಸ್ವಯಂ ನಿವೃತ್ತಿ.

ಶಾಮಣ್ಣ: ಸ್ವಯಂ ಅಂದ್ರೆ, ನೀವೇ ಕೇಳಿದ್ದಾ?

ರಾಯರು: ಕೇಳಿದ್ದು ಅವರು. ಸಹಿ ಮಾತ್ರ ಸ್ವಯಂ.

ಶಾಮಣ್ಣ: ಹೋಗ್ಲಿ, ಇನ್ಮೇಲೆ ಆರಾಮ.

(ಒಳಗಿನಿಂದ): ರೀ, ಕಾಳಾಯ್ತಾ? ಗಾಂಧಿ ಬಜಾರಿಂದ ಸೊಪ್ಪು ತನ್ನಿ, ಗ್ಯಾಸ್ ಬುಕ್ ಮಾಡಿ, ಫ್ಯಾನ್ ಒರೆಸಿ!

ಶಾಮಣ್ಣ: ಇದ್ಯಾವ ಡಿಪಾರ್ಟ್‌ಮೆಂಟು?

ರಾಯರು: (ಮೆಲ್ಲಗೆ) ಇಲ್ಲಿ ವಿಆರ್‌ಎಸ್ ಅಂದ್ರೆ ವಿಶ್ರಾಂತಿ ರಹಿತ ಸೇವೆ.

ಶಾಮಣ್ಣ: ಇಲ್ಲಿಂದ ನಿವೃತ್ತಿ ಯಾವಾಗ?

ರಾಯರು: ಇಲ್ಲಿ ಸ್ಕೀಮೇ ಇಲ್ಲ.

(ಹೆಬ್ಬೆರಳಲ್ಲಿ ಒಂದು ಕಾಳು ಒತ್ತಿದರು. ಬೇಳೆ ಚಿಮ್ಮಿತು, ಸಿಪ್ಪೆ ಕೈಯಲ್ಲುಳಿಯಿತು.)

ರಾಯರು: ನೋಡಿದ್ಯಾ? ಇದೂ ಸ್ವಯಂ ಹೊರಗೆ ಬಂತು!