ತೀರ್ಪು ತೂಗುವ ಶಾಸ್ತ್ರ

ಸೇಡಂ, ಚಿತ್ತಾಪುರ, ಚಿಂಚೋಳಿ ಕೋರ್ಟುಗಳ ಎದುರು ಇಪ್ಪತ್ತು ವರ್ಷ ಸುಸಲಾ-ಮಿರ್ಚಿ ತಿಂದು ಗಳಿಸಿದ ಪಾಂಡಿತ್ಯದಿಂದ ಹೇಳುತ್ತೇನೆ: ತೀರ್ಪು ಓದುವವನು ಸೋಲುತ್ತಾನೆ, ನಂಬರು ಹೇಳುವವನು ಗೆಲ್ಲುತ್ತಾನೆ. 'ಎ.ಐ.ಆರ್. 1973 ಎಸ್.ಸಿ. 1461' ಎಂದು ಒಂದೇ ಉಸಿರಿಗೆ ಅಂದುಬಿಡಿ, ಎದುರಿನವ ಚಹಾದ ಬಶಿ ಕೆಳಗಿಡುತ್ತಾನೆ. ಅದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸು. 13 ನ್ಯಾಯಮೂರ್ತಿಗಳು, ಏಳಕ್ಕೆ ಆರು. ನಿಮ್ಮ ತಕರಾರು ತೊಗರಿ ಹೊಲದ ಒಡ್ಡಿನದು. ಇರಲಿ, ತೂಕ ತೂಕವೇ.

ತೂಕಕ್ಕೆ ಶಹಾಬಾದಿ ಫರ್ಸಿಯ ಲೆಕ್ಕ ಅನುಕೂಲ. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಫರ್ಸಿ ಎಲ್ಲಕ್ಕಿಂತ ಮೇಲೆ. ಅದರೊಳಗೂ ಮೂವರದು ಇಬ್ಬರದಕ್ಕಿಂತ ದಪ್ಪ. ಅದರ ಕೆಳಗೆ ಹೈಕೋರ್ಟು. ಕಲಬುರಗಿ ಪೀಠದ ಕೇಸು ನಂಬರು ಎರಡು ಲಕ್ಷದಿಂದ ಶುರುವಾಗುತ್ತದೆ. ಇದನ್ನು ಫೀಸೆಂದು ತಿಳಿದು ಹೌಹಾರಿದವರನ್ನು ನಾನೇ ಸಮಾಧಾನಪಡಿಸಿದ್ದೇನೆ. ತೀರ್ಪಿನಲ್ಲೂ ನಿರ್ಣಯಕ್ಕೆ ಆಧಾರವಾದ ಮಾತಷ್ಟೇ ಕಟ್ಟಿಹಾಕುತ್ತದೆ, ಮಿಕ್ಕಿದ್ದು ದಾರಿಯಲ್ಲಿ ಆಡಿದ್ದು. ಯಾವುದು ಯಾವುದೆಂದು ತಿಳಿಯಲು ಓದಬೇಕಾಗುತ್ತದೆ. ಆದ್ದರಿಂದ ಆ ಪಾಠ ಬಿಟ್ಟಿದ್ದೇನೆ.

ತಂಗಿ ಪಾಲು ಕೇಳಿದಳು ಅನ್ನಿ. ಅಣ್ಣ ಕೂಡಲೇ 2015ರ ಪ್ರಕಾಶ್-ಫೂಲವತಿ ತೀರ್ಪು ಎತ್ತಬೇಕು: ಅಪ್ಪ 2005ರ ಸೆಪ್ಟೆಂಬರ್ 9ರಂದು ಬದುಕಿದ್ದರಷ್ಟೇ ಮಗಳಿಗೆ ಹಕ್ಕು. ತಂಗಿ 2018ರ ದಾನಮ್ಮನ ಕೇಸು ತೆಗೆಯುತ್ತಾಳೆ. ಅಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಬಂತು. ಎರಡೂ ಕರ್ನಾಟಕದಿಂದ ಹೋದ ಕೇಸುಗಳು, ಎರಡರಲ್ಲೂ ಇಬ್ಬರೇ ನ್ಯಾಯಮೂರ್ತಿಗಳು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ಕೂತು, ಅಪ್ಪ ಅಂದು ಇರಲಿ ಬಿಡಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಫೂಲವತಿ ತೀರ್ಪನ್ನು ತಳ್ಳಿಹಾಕಿದರು. ಈ ಸುದ್ದಿ ನಮ್ಮ ಅಣ್ಣಂದಿರಿಗೆ ಇನ್ನೂ ಮುಟ್ಟಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ತಪ್ಪಿಹೋದಂತಿದೆ.

ಹುಟ್ಟಿನಿಂದಲೇ ಹಕ್ಕು ಎಂಬ ಮಾತು ನಮ್ಮ ಮಣ್ಣಿನದೇ. ಶಹಾಬಾದ್ ಸಮೀಪದ ಮರ್ತೂರಿನ ವಿಜ್ಞಾನೇಶ್ವರ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರ'ದಲ್ಲಿ ಅದನ್ನು ಸ್ಥಾಪಿಸಿದ. ಗಂಡುಮಕ್ಕಳಿಗೆ ಮಾತ್ರ, ಅದು ಬೇರೆ ಮಾತು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬಂಗಾಳ, ಅಸ್ಸಾಂ ಬಿಟ್ಟು ಉಳಿದೆಡೆಯ ಕೋರ್ಟುಗಳು ಅದನ್ನೇ ಉದ್ಧರಿಸಿದವು. ಬರೆದವನು ರಾಜನಲ್ಲ, ನ್ಯಾಯಾಧೀಶನಲ್ಲ, ಬರೀ ಟೀಕಾಕಾರ. ಮಿತಾಕ್ಷರ ಎಂದರೆ ಅಳೆದಿಟ್ಟ ಅಕ್ಷರ. ಕೇಶವಾನಂದ ತೀರ್ಪು ಏಳುನೂರು ಪುಟ.

ಆದರೂ 1868ರ ಮಧುರೆ ಕಲೆಕ್ಟರ್ ಕೇಸಿನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ರೂಢಿ ಸಾಬೀತಾದರೆ ಗ್ರಂಥಕ್ಕಿಂತ ಅದೇ ಮೇಲು ಎಂದಿತು. ನಮ್ಮ ರೂಢಿ ಪ್ರಸಿದ್ಧ: ಪಂಚಮಿಗೆ ತಂಗಿಯನ್ನು ಕರೆತಂದು, ಸೀರೆ-ಕುಬಸ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುವುದು.

ಅಂಥದೊಂದು ಪತ್ರಕ್ಕೆ ಸಾಕ್ಷಿ ಹಾಕಲು ಹೋಗಿದ್ದೆ. ತಂಗಿ ಸೀರೆಯ ಸೆರಗು ಬಿಡಿಸಿ ನೋಡಿದಳು.

“ಸೀರಿ ಛಲೋ ಅದ. ಕಾಕಾ, ಆ ಮೂರು ಮಂದಿ ಜಡ್ಜರದು ನಂಬರ ಏನ್ರಿ?”

ಚಟ ನೋಡಿ, ಬಾಯಿ ತಡೆಯಲಿಲ್ಲ. “2020, 9 ಎಸ್.ಸಿ.ಸಿ. 1,” ಎಂದೆ.

ಅಣ್ಣ ಚಹಾದ ಬಶಿ ಕೆಳಗಿಟ್ಟ.