ಬ್ಯಾಕಪ್ಪ

ಸರ್ವರ್ ರೂಮು ಇರುವ ಕಚೇರಿಯಲ್ಲೆಲ್ಲ ಒಬ್ಬ ಬ್ಯಾಕಪ್ ಅಡ್ಮಿನ್ ಇರುತ್ತಾನೆ; ಸಹೋದ್ಯೋಗಿಗಳ ಬಾಯಲ್ಲಿ ಅವನು ಬ್ಯಾಕಪ್ಪನಾಗಲು ಹೆಚ್ಚು ದಿನ ಹಿಡಿಯುವುದಿಲ್ಲ. ಉಳಿದವರೆಲ್ಲ ಲಾಗೌಟ್ ಆದ ಮೇಲೆ, ರಾತ್ರಿ ಹತ್ತಕ್ಕೆ, ಇವನ ಜಾಬ್‌ಗಳು ಶುರುವಾಗುತ್ತವೆ. ಬೆಳಗಿನ ಐದರೊಳಗೆ ಮುಗಿದಿರಬೇಕು. ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ರಿಪೋರ್ಟ್ ನೋಡುವುದು ಈ ವರ್ಗದ ಮೊದಲ ಲಕ್ಷಣ. ಹಸಿರಿದ್ದರೆ ಕಾಫಿ. ಹಳದಿಯಿದ್ದರೆ ಕಾಫಿಯ ಪಕ್ಕದಲ್ಲಿ ಲ್ಯಾಪ್‌ಟಾಪ್. ಕೆಂಪಿದ್ದರೆ ಕಾಫಿ ಆರಿಹೋಗುತ್ತದೆ.

ಇವನು ಕಾಯುವುದು ವರ್ಚುವಲ್ ಮೆಷಿನ್‌ಗಳನ್ನು, ಅಂದರೆ ವಿಎಂಗಳನ್ನು. ದೊಡ್ಡ ಸರ್ವರ್ ಎಂಬುದು ಹಳೆಯ ವಠಾರವಿದ್ದಂತೆ: ನಲ್ಲಿ ಒಂದೇ, ಮೀಟರು ಒಂದೇ, ಒಳಗೆ ಇಪ್ಪತ್ತು ಸಂಸಾರ, ಪ್ರತಿಯೊಂದಕ್ಕೂ ತಾನು ಸ್ವಂತ ಮನೆಯಲ್ಲಿರುವ ಭ್ರಮೆ. ಹೊರಗಿನಿಂದ ನೋಡಿದರೆ ಒಂದು ವಿಎಂನ ಇಡೀ ಡಿಸ್ಕ್ ಒಂದು ದೊಡ್ಡ ಫೈಲು ಅಷ್ಟೇ. ವಿಎಂ ನಡೆಸುವ ತಂತ್ರಾಂಶ ವಿಎಂವೇರ್ ಆದರೆ ಅದು ವಿಎಂಡಿಕೆ, ಹೈಪರ್-ವಿ ಆದರೆ ವಿಎಚ್‌ಡಿಎಕ್ಸ್. ಹಾಗಾಗಿ ಬ್ಯಾಕಪ್ಪ ಒಂದೊಂದೇ ಫೋಲ್ಡರ್ ಎಣಿಸುತ್ತ ಕೂರುವುದಿಲ್ಲ, ಡಿಸ್ಕನ್ನೇ ಎತ್ತಿಕೊಳ್ಳುತ್ತಾನೆ. ಮೊದಲು ಸ್ನ್ಯಾಪ್‌ಶಾಟ್: ಆ ಕ್ಷಣದ ಡಿಸ್ಕ್ ಇದ್ದಂತೆಯೇ ನಿಲ್ಲುತ್ತದೆ, ಆಮೇಲಿನ ಬರವಣಿಗೆಯೆಲ್ಲ ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತದೆ. ನಿಂತ ಡಿಸ್ಕನ್ನು ಓದಿಯಾದ ಮೇಲೆ ಎರಡನ್ನೂ ಮತ್ತೆ ಕೂಡಿಸುತ್ತಾರೆ. 2009ರಲ್ಲಿ ವಿಸ್ಫಿಯರ್ 4 ಬಂದಾಗಿನಿಂದ ಯಾವ ಬ್ಲಾಕ್ ಬದಲಾಯಿತೆಂಬ ಲೆಕ್ಕವನ್ನು ವಿಎಂವೇರೇ ಇಟ್ಟುಕೊಡುತ್ತದೆ. ಒಮ್ಮೆ ಪೂರ್ತಿ ತೆಗೆದರೆ, ಮುಂದಿನ ರಾತ್ರಿಗಳಲ್ಲಿ ಬದಲಾದಷ್ಟೇ ಸಾಕು.

ಬ್ಯಾಕಪ್ಪನ ರಕ್ತದೊತ್ತಡ ಏರಿಸುವ ಮಾತೂ ಈ ಸ್ನ್ಯಾಪ್‌ಶಾಟಿನದೇ. “ಸ್ನ್ಯಾಪ್‌ಶಾಟ್ ಇದೆಯಲ್ಲ ಸಾರ್, ಇನ್ಯಾಕೆ ಬ್ಯಾಕಪ್ಪು?” ಎಂದು ಹೊಸ ಹುಡುಗ ಕೇಳುತ್ತಾನೆ. ಅದು ಕೂತಿರುವುದು ಅದೇ ಸ್ಟೋರೇಜಿನಲ್ಲಿ, ಸ್ಟೋರೇಜ್ ಹೋದರೆ ಎರಡೂ ಹೋಗುತ್ತವೆ ಎಂದು ಇವನು ಹೇಳುತ್ತಾನೆ. ಹುಡುಗ ತಲೆಯಾಡಿಸಿ ಹೋಗಿ, ಅಪ್‌ಗ್ರೇಡ್‌ಗೆ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದು ಮರೆತುಬಿಡುತ್ತಾನೆ. 72 ಗಂಟೆಗಿಂತ ಹೆಚ್ಚು ಒಂದೇ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳಬೇಡಿ ಎಂಬುದು ವಿಎಂವೇರ್‌ನದೇ ಸಲಹೆ. ಅದು ಬೆಳೆಬೆಳೆದು ಸ್ಟೋರೇಜ್ ತುಂಬಿದ ದಿನ ಬೈಗುಳ ಮಾತ್ರ ಬ್ಯಾಕಪ್ಪನಿಗೆ.

ಇವನ ನಿಜವಾದ ಗುಣ ಹೊರಬೀಳುವುದು ಇಡೀ ವಿಎಂ ಬಿದ್ದಾಗಲ್ಲ, ಒಂದೇ ಒಂದು ಎಕ್ಸೆಲ್ ಫೈಲು ಕಾಣೆಯಾದಾಗ. ಸಂಜೆ ಆರೂವರೆಗೆ, ಬ್ಯಾಗು ಹೆಗಲಿಗೇರಿದ ಹೊತ್ತಿಗೆ, ಅಕೌಂಟ್ಸ್ ಮೇಡಂ ಫೋನು ಮಾಡುತ್ತಾರೆ.

“ಫೈಲ್ ಹೋಗ್ಬಿಟ್ಟಿದೆ ಕಣ್ರೀ. ನಾನೇನೂ ಮಾಡಿಲ್ಲ.”

“ಹೆಸರೇನು ಮೇಡಂ?”

“ಫೈನಲ್ ಅಂತಿತ್ತು. ಇಲ್ಲ, ಫೈನಲ್ ನ್ಯೂ.”

“ಯಾವ ಫೋಲ್ಡರು?”

“ಯಾವಾಗ್ಲೂ ಇರತ್ತಲ್ಲ, ಅಲ್ಲೇ.”

“ಎಷ್ಟನೇ ತಾರೀಖಿಂದು ಬೇಕು?”

“ಮೊನ್ನೆ ಇತ್ತು ನೋಡಿ, ಆ ಥರದ್ದು.”

ತಂತ್ರಜ್ಞಾನ ಇಲ್ಲಿ ಸುಲಭದ ಭಾಗ. ಒಂದು ಫೈಲಿಗಾಗಿ ಇಡೀ ವಿಎಂ ಮರಳಿಸಬೇಕಿಲ್ಲ. ಬ್ಯಾಕಪ್ಪಿನೊಳಗಿನ ಡಿಸ್ಕನ್ನು ಮೌಂಟ್ ಮಾಡಿದರೆ ಅದು ಇನ್ನೊಂದು ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಫೋಲ್ಡರಿಗೆ ಹೋಗಿ, ಫೈಲನ್ನು ಕಾಪಿ ಮಾಡಿ, ಮತ್ತೆ ಮುಚ್ಚಿದರಾಯಿತು. ಒಳಗೆ ಲಿನಕ್ಸ್ ಇದ್ದರೆ ಕೊಂಚ ಸುತ್ತು: ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಡಿಸ್ಕುಗಳನ್ನು ವಿಂಡೋಸ್ ತಾನಾಗಿ ಓದದು, ಅದಕ್ಕೊಂದು ಪುಟ್ಟ ಲಿನಕ್ಸ್ ಮೆಷಿನನ್ನು ನಡುವೆ ಎಬ್ಬಿಸಬೇಕು. ಅನುಭವಸ್ಥ ಬ್ಯಾಕಪ್ಪ ಹಳೆಯ ಫೈಲನ್ನು ಇರುವ ಫೈಲಿನ ಮೇಲೆ ಎಂದೂ ಸುರಿಯುವುದಿಲ್ಲ, ಪಕ್ಕದಲ್ಲಿ ಬೇರೆ ಹೆಸರಲ್ಲಿ ಇಡುತ್ತಾನೆ. ಮೇಡಂ ಬಿಚ್ಚಿ ನೋಡಿ “ಇದಲ್ಲ, ಇದರ ಆಮೇಲಿಂದು” ಎನ್ನುವುದು ಅವನಿಗೆ ಗೊತ್ತು. ಯಂತ್ರಕ್ಕೆ ಪ್ರತಿ ರಾತ್ರಿಯೂ ನೆನಪಿರುತ್ತದೆ. ಮೇಡಂಗೆ ಹೆಸರೂ ನೆನಪಿಲ್ಲ. ಆದ್ದರಿಂದ ಈ ಕಸುಬಿನಲ್ಲಿ ಬೇಕಾದದ್ದು ಸ್ಟೋರೇಜಿಗಿಂತ ಹೆಚ್ಚಾಗಿ ತಾಳ್ಮೆ.

ತಾಳ್ಮೆಯಿಂದಲೂ ಆಗದ ಪ್ರಕರಣಗಳು ಎರಡು. ಬೆಳಿಗ್ಗೆ ಹನ್ನೊಂದಕ್ಕೆ ಹುಟ್ಟಿ ಮಧ್ಯಾಹ್ನ ನಾಲ್ಕಕ್ಕೆ ಡಿಲೀಟಾದ ಫೈಲನ್ನು ರಾತ್ರಿಯ ಬ್ಯಾಕಪ್ ಕಂಡೇ ಇರುವುದಿಲ್ಲ. ಇದನ್ನು ಯಾವ ಬ್ಯಾಕಪ್ಪನೂ ಈವರೆಗೆ ಯಾರಿಗೂ ಮನದಟ್ಟು ಮಾಡಿಸಿದ್ದಿಲ್ಲ. ಇನ್ನೊಂದು, ಒಂದು ಗಂಟೆಯ ವಿಚಾರಣೆಯ ನಂತರ ಬಯಲಾಗುವ ಸಂಗತಿ: ಫೈಲು ಸರ್ವರ್‌ನಲ್ಲಿ ಇರಲೇ ಇಲ್ಲ, ಮೇಡಂ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲಿತ್ತು.

ಬ್ಯಾಕಪ್ಪನ ಬಳಿ ಒಂದು ಪುರಾಣವೂ ಇರುತ್ತದೆ. 2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನ ಡೇಟಾಬೇಸನ್ನು ಅಳಿಸಿಬಿಟ್ಟ. ಬ್ಯಾಕಪ್ ಹುಡುಕಿದರೆ, ಅದು ಬಹಳ ದಿನಗಳಿಂದ ಸದ್ದಿಲ್ಲದೆ ಫೇಲಾಗುತ್ತಿತ್ತು. ಫೇಲಾಯಿತೆಂಬ ಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆಗಳ ಡೇಟಾ ಹೋಯಿತು. “ಹಸಿರು ಟಿಕ್ ನಂಬಬೇಡಿ, ರಿಸ್ಟೋರ್ ಮಾಡಿ ನೋಡಿ” ಎಂದು ಕಥೆ ಮುಗಿಯುತ್ತದೆ. ಉಳಿದ ಡೇಟಾ ಬದುಕಿದ್ದು ಅಳಿಸುವ ಆರು ಗಂಟೆ ಮೊದಲು ಬೇರೇನೋ ಕೆಲಸಕ್ಕೆಂದು ತೆಗೆದಿದ್ದ ಸ್ನ್ಯಾಪ್‌ಶಾಟ್‌ನಿಂದ ಎಂಬ ಭಾಗವನ್ನು ಹುಡುಗರ ಮುಂದೆ ಹೇಳುವುದಿಲ್ಲ. ತನ್ನ ರಿಸ್ಟೋರ್ ಟೆಸ್ಟ್ ಯಾವಾಗ ಎಂದು ಕೇಳಿದರೆ ಮುಂದಿನ ಶನಿವಾರ ಎನ್ನುತ್ತಾನೆ. ಎಲ್ಲ ಶನಿವಾರಗಳಲ್ಲೂ ಅದೇ ಉತ್ತರ.

ವರ್ಷದ ಅಪ್ರೈಸಲ್‌ನಲ್ಲಿ ಈ ವರ್ಗಕ್ಕೆ ಬರೆಯಲು ಏನೂ ಇರುವುದಿಲ್ಲ. ಏನೂ ಆಗಲಿಲ್ಲ ಎಂಬುದೇ ಸಾಧನೆ, ಆದರೆ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ. ಡಿಸ್ಕ್ ಬೇಕೆಂದು ಹಾಕಿದ ಅರ್ಜಿ ತಿಂಗಳುಗಟ್ಟಲೆ ಮಲಗಿ, ಎಲ್ಲೋ ರಾನ್ಸಮ್‌ವೇರ್ ದಾಳಿಯ ಸುದ್ದಿ ಬಂದ ಮರುದಿನ ಎದ್ದು ಕೂರುತ್ತದೆ. ಆಗ ಬರುವ ಹೊಸ ಸ್ಟೋರೇಜಿನಲ್ಲಿ, ಅವಧಿ ಮುಗಿಯುವ ತನಕ ಯಾರೂ ಅಳಿಸಲಾಗದ ಪ್ರತಿಗಳಿರುತ್ತವೆ. ಯಾರೂ ಎಂದರೆ ಬ್ಯಾಕಪ್ಪನೂ ಸೇರಿ. ಇದು ಸುರಕ್ಷತೆಗೆ ಒಳ್ಳೆಯದೆಂದು ಅವನೇ ಶಿಫಾರಸು ಮಾಡಿರುತ್ತಾನೆ, ಮತ್ತು ಅದರಿಂದ ಅವನಿಗೆ ಸ್ವಲ್ಪ ಬೇಜಾರೂ ಆಗಿರುತ್ತದೆ.

ಕೊನೆಯದಾಗಿ ಟೇಪು. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಕಾಪಾಡಬೇಕು, ಆದ್ದರಿಂದ ಹಳೆಯ ಪ್ರತಿಗಳು ಎಲ್‌ಟಿಒ ಟೇಪಿನಲ್ಲಿರುತ್ತವೆ. ಆದರೆ ಎಲ್‌ಟಿಒ-8 ಡ್ರೈವು ಹಿಂದಿನ ಒಂದೇ ತಲೆಮಾರಿನ ಟೇಪು ಓದುತ್ತದೆ. ಎಲ್‌ಟಿಒ-6ರ ಟೇಪು ಕೊಟ್ಟರೆ ಮುಖ ತಿರುಗಿಸುತ್ತದೆ. ಹೀಗಾಗಿ ಪ್ರತಿ ಬ್ಯಾಕಪ್ಪನ ಬೀರುವಿನಲ್ಲೂ ಪ್ಲಾಸ್ಟಿಕ್ ಸುತ್ತಿದ ಒಂದು ಹಳೆಯ ಡ್ರೈವ್ ಇರುತ್ತದೆ. ಆಡಳಿತ ವಿಭಾಗ ಅದನ್ನು ಪ್ರತಿ ವರ್ಷ ಇ-ವೇಸ್ಟ್ ಪಟ್ಟಿಗೆ ಸೇರಿಸುತ್ತದೆ, ಬ್ಯಾಕಪ್ಪ ಪ್ರತಿ ವರ್ಷ ಹೋಗಿ ಪಟ್ಟಿಯಿಂದ ತೆಗೆಸಿ ಬರುತ್ತಾನೆ.