ಕಪಿಯ ಪರ ವಕಾಲತ್ತು

ಮೋಸ ಮಾಡುವ ಆಟದ ಮೇಲೆ ಬರುವ ಸಿಟ್ಟು ಬಹಳ ಹೊತ್ತು ಬಾಳುವುದಿಲ್ಲ. 1985ರಲ್ಲಿ ಕ್ಯಾಪ್‌ಕಾಮ್ ಕಂಪನಿ ‘ಘೋಸ್ಟ್ಸ್ ಎನ್ ಗಾಬ್ಲಿನ್ಸ್’ ಎಂಬ ಆಟವನ್ನು ನಾಣ್ಯ ನುಂಗುವ ಯಂತ್ರಗಳಿಗೆಂದು ಮಾಡಿತು. ಅದರ ನಾಯಕ ಆರ್ಥರ್ ಎಂಬ ಮಹಾವೀರ. ಒಂದು ಪೆಟ್ಟು ಬಿದ್ದರೆ ಕವಚ ಕಳಚಿ ಬರೀ ಚಡ್ಡಿಯಲ್ಲಿ ನಿಲ್ಲುತ್ತಾನೆ. ಇನ್ನೊಂದು ಬಿದ್ದರೆ ಮೂಳೆರಾಶಿ. ಭೂತ ಪಿಶಾಚಿಗಳನ್ನೆಲ್ಲ ದಾಟಿ, ಚಡ್ಡಿಯಲ್ಲೇ ಓಡಿ, ಕೊನೆಯ ದೈತ್ಯನನ್ನು ಕೆಡವಿದಿರೋ, ಪರದೆಯ ಮೇಲೆ ಒಂದು ಒಕ್ಕಣೆ ಬರುತ್ತದೆ: ಇದೆಲ್ಲ ಸೈತಾನನ ಮಾಯೆ, ಮತ್ತೆ ಮೊದಲಿನಿಂದ ಶುರುಮಾಡು. ಬಯ್ಯುವುದಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಯಂತ್ರದ ಹೊಟ್ಟೆಪಾಡು ನಾಣ್ಯದ ಮೇಲೆ, ನಾಣ್ಯ ಬೀಳಬೇಕಾದರೆ ಆಡುವವನು ಸಾಯಬೇಕು. ಕಂಪನಿ, ಅಂಗಡಿಯವನು, ಬಂಡವಾಳಶಾಹಿ ಎಲ್ಲರಿಗೂ ಸೇರಿಸಿ ಒಂದು ಮಂಗಳಾರತಿ ಎತ್ತಿದರೆ ಮನಸ್ಸು ಹಗುರ, ರಾತ್ರಿ ಒಳ್ಳೆಯ ನಿದ್ದೆ.

ನಿದ್ದೆ ಕೆಡಿಸುವುದು ಪ್ರಾಮಾಣಿಕವಾದ ಆಟ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2019ರ ಮಾರ್ಚಿನಲ್ಲಿ ಹೊರತಂದ ‘ಸೆಕಿರೊ: ಶ್ಯಾಡೋಸ್ ಡೈ ಟ್ವೈಸ್’ ಅಂಥದ್ದು. ಅದೇ ವರ್ಷ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಗೌರವ ಪಡೆದ ಈ ಆಟ, ಗಂಡಸು ಹೆಂಗಸೆನ್ನದೆ ಲೋಕದ ತುಂಬ ಜನರ ಬಾಯಲ್ಲಿ ಬರಬಾರದ ಮಾತು ಬರಿಸಿದೆ. ಕರೆಂಟ್ ಬಿಲ್ ಕಟ್ಟುವ ಕೊನೆಯ ದಿನ ನೆನಪಿರದ, ಆದರೆ ಪರದೆಯೊಳಗಿನ ಸಮುರಾಯ್ ಬಲಗಾಲು ಎತ್ತಿದ ಮೇಲೆ ಕತ್ತಿ ಯಾವ ಕಡೆಯಿಂದ ಬರುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲ ವಿವೇಕಿಗಳ ಸಂಘಕ್ಕೆ ಸೇರಿದವನಾಗಿ ನಾನು ಮಂಡಿಸುವ ವಾದ ಒಂದೇ: ನಮ್ಮ ಸಿಟ್ಟಿಗೆ ಕಾರಣ ಆಟ ನಮಗೆ ಮಾಡುವ ಅನ್ಯಾಯ ಎಂದು ನಾವು ಹೇಳಿಕೊಳ್ಳುವುದು ಶುದ್ಧ ಸುಳ್ಳು. ಆಟ ಎಳ್ಳಷ್ಟೂ ಅನ್ಯಾಯ ಮಾಡದೆ ನಮ್ಮನ್ನು ಸೋಲಿಸುತ್ತದಲ್ಲ, ಆ ಉರಿಯನ್ನು ತಣಿಸಲು ದಾರಿಯೇ ಇಲ್ಲ.

ಸಾಕ್ಷ್ಯ ನೋಡೋಣ. ಇದರ ಯಾವ ವೈರಿಯೂ ಕಳ್ಳತನದಿಂದ ಹೊಡೆಯುವುದಿಲ್ಲ. ಕತ್ತಿ ಎತ್ತುತ್ತಾನೆ, ಭುಜ ತಿರುಗಿಸುತ್ತಾನೆ, ಆಮೇಲೆ ಬೀಸುತ್ತಾನೆ. ಸುಮ್ಮನೆ ಅಡ್ಡ ಹಿಡಿದರೆ ತಡೆಯಲಾಗದ ಹೊಡೆತವಾದರೆ ಮೊದಲೇ ಕೆಂಪು ಅಕ್ಷರವೊಂದು ಮಿಂಚಿ, ಕಿವಿಗೆ ಬಡಿಯುವ ಸದ್ದೂ ಬರುತ್ತದೆ. ತಿವಿದರೆ ಈಟಿಯನ್ನು ಕಾಲಲ್ಲಿ ಮೆಟ್ಟು, ಕಾಲಿಗೆ ಬೀಸಿದರೆ ಹಾರು, ಹಿಡಿಯಲು ಬಂದರೆ ಓಡು. ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಠಣ್ ಎಂದು ಕಿಡಿ ಹಾರಿ ವೈರಿಯ ನಿಲುವು ಸಡಿಲವಾಗುತ್ತದೆ. ಹೆದರಿ ಒಂದೇ ಸಮನೆ ಬಟನ್ ಕುಟ್ಟಿದರೆ ಆ ಕ್ಷಣದ ಅವಧಿಯೇ ಕುಗ್ಗುತ್ತದೆ. ಅಂದರೆ ಗಾಬರಿಗೂ ಇಲ್ಲಿ ದಂಡವಿದೆ. ಸತ್ತರೆ ಅಲ್ಲೇ ಎದ್ದು ಹೋರಾಡಲು ಇನ್ನೊಂದು ಜೀವ. ಅದೂ ಹೋದರೆ ಹತ್ತಿರದ ವಿಗ್ರಹದ ಬಳಿ ಎಚ್ಚರವಾಗಿ, ಅದೇ ವೈರಿಯ ಎದುರು ಅದೇ ಹೊಡೆತಗಳ ಪಾಠ ಮತ್ತೆ. ಪಬ್ಲಿಕ್ ಪರೀಕ್ಷೆಯಲ್ಲಿ ಕೈಕೊಟ್ಟವರಿಗೆಲ್ಲ ‘ಪ್ರಶ್ನೆ ಸಿಲಬಸ್‌ನಲ್ಲೇ ಇರಲಿಲ್ಲ’ ಎನ್ನುವ ಒಂದು ಅಭಯಹಸ್ತ ಇರುತ್ತದೆ. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು, ಉತ್ತರ ಹೇಳಿಕೊಟ್ಟು, ಎಷ್ಟು ಸಲ ಬೇಕಾದರೂ ಬರೆಯಲು ಬಿಟ್ಟು, ಆಮೇಲೂ ನೀವು ಫೇಲಾದರೆ ಮನೆಗೆ ಬಂದು ಏನೆಂದು ಹೇಳುತ್ತೀರಿ? ಈ ಆಟದ ನಿರ್ದೇಶಕ ಹಿದೆತಾಕಾ ಮಿಯಾಝಾಕಿ 2004ರಲ್ಲಿ ಈ ಸಂಸ್ಥೆ ಸೇರುವ ಮೊದಲು ಒರೇಕಲ್ ಕಂಪನಿಯಲ್ಲಿದ್ದವರು. ಡೇಟಾಬೇಸ್ ಕಡೆಯಿಂದ ಬಂದವರ ನ್ಯಾಯ ಹಾಗೇ ಇರುತ್ತದೋ ಏನೋ. ಕೇಳಿದ್ದು ಸರಿಯಿದ್ದರೆ ಉತ್ತರ, ಒಂದು ಅಲ್ಪವಿರಾಮ ತಪ್ಪಿದರೂ ಎರರ್.

ಸೋಲು ನಮ್ಮದೇ ಎಂದು ಒಪ್ಪಿಸುವುದಕ್ಕೆ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾಯಕ ಸತ್ತು ಸತ್ತು ಏಳುತ್ತಿದ್ದರೆ ಆ ನಾಡಿನಲ್ಲಿ ‘ಡ್ರ್ಯಾಗನ್‌ರಾಟ್’ ಎಂಬ ರೋಗ ಹರಡಿ, ದಾರಿಯಲ್ಲಿ ಸಿಕ್ಕಿ ಮಾತಾಡಿಸಿದ ಪಾಪದ ಜೀವಗಳು ಒಬ್ಬೊಬ್ಬರಾಗಿ ಕೆಮ್ಮಲು ಶುರುಮಾಡುತ್ತಾರೆ. ಗಂಟಿನಲ್ಲಿದ್ದ ದುಡ್ಡು ಅರ್ಧ ಹೋಯಿತು, ಅನುಭವದ ಗಳಿಕೆಯೂ ಅರ್ಧ ಹೋಯಿತು ಎಂದು ಕೊರಗುತ್ತ ಕೂತವನಿಗೆ ಈಗ ಅವರಲ್ಲೊಬ್ಬ ಮುದುಕಿಯ ಕೆಮ್ಮಿನ ಪಾಪವೂ ಸುತ್ತಿಕೊಂಡಿತು.

ಇಷ್ಟು ಹೇಳಿದ ಮೇಲೆ ಆಟಗಾರರ ಕಡೆಯಿಂದ ಒಂದು ಆಕ್ಷೇಪ ಬಂದೇ ಬರುತ್ತದೆ. ಹಾಗಾದರೆ ಆ ಕಪಿಯ ಕಥೆ ಏನು? ಪ್ರಶ್ನೆ ಗಂಭೀರವಾದದ್ದು, ಸಾವಕಾಶವಾಗಿ ವಿಚಾರಣೆ ನಡೆಯಬೇಕಾದದ್ದು. ಕಣಿವೆಯ ತಳದ ನೀರಿನಲ್ಲಿ ಮನೆಯೆತ್ತರದ ಬಿಳಿಯ ಕಪಿಯೊಂದಿದೆ. ಆಟದಲ್ಲಿ ಅದರ ಹೆಸರು ಗಾರ್ಡಿಯನ್ ಏಪ್. ಹಾರುತ್ತದೆ, ಹೊರಳುತ್ತದೆ, ಮಗುವಿನ ಹಾಗೆ ನೆಲಕ್ಕೆ ಬಿದ್ದು ರಚ್ಚೆ ಹಿಡಿಯುತ್ತದೆ, ಮತ್ತು (ಊಟ ಮಾಡುತ್ತ ಓದುವವರು ಕ್ಷಮಿಸಬೇಕು) ತನ್ನ ಲದ್ದಿಯನ್ನೇ ಉಂಡೆ ಮಾಡಿ ಎಸೆಯುತ್ತದೆ. ಇದನ್ನೆಲ್ಲ ಸಹಿಸಿ, ಕಲಿತು, ಬೆವರಿ, ಕೊನೆಗೊಮ್ಮೆ ನಾಯಕ ಅದರ ಕತ್ತು ಕತ್ತರಿಸುತ್ತಾನೆ. ರುಂಡ ಹಾರುತ್ತದೆ. ಸಂಗೀತ ನಿಲ್ಲುತ್ತದೆ. ದೊಡ್ಡ ವೈರಿ ಮಡಿದಾಗ ಮಾತ್ರ ಕಾಣುವ ಅಕ್ಷರಗಳು ಪರದೆಯ ನಡುವೆ ಘನವಾಗಿ ಮೂಡುತ್ತವೆ. ಆಗ ಆಡುವವರು ಮಾಡುವುದೇನೆಂದರೆ, ಕಂಟ್ರೋಲರ್ ಕೆಳಗಿಡುತ್ತಾರೆ. ಅಂಗೈ ಬೆವರನ್ನು ಪಂಚೆಗೋ ಪೈಜಾಮಕ್ಕೋ ಒರೆಸುತ್ತಾರೆ. ನೀರು ಕುಡಿಯಲು ಏಳುತ್ತಾರೆ. ತಣ್ಣಗಾದ ಕಾಫಿ ನೆನಪಾಗುತ್ತದೆ. ಗೆಳೆಯನಿಗೆ ‘ಆಯ್ತು ಕಣೋ’ ಎಂದು ಮೆಸೇಜು ಬರೆಯಲು ಮೊಬೈಲು ಹುಡುಕುತ್ತಾರೆ. ಅಷ್ಟರಲ್ಲಿ ನೀರು ಅಲುಗುತ್ತದೆ. ಮುಂಡ ಎದ್ದು ಕೂರುತ್ತದೆ. ಒಂದು ಕೈಯಲ್ಲಿ ಕತ್ತಿ ಎತ್ತಿಕೊಳ್ಳುತ್ತದೆ, ಇನ್ನೊಂದರಲ್ಲಿ ಬಸ್‌ಸ್ಟಾಪಿನಲ್ಲಿ ಮರೆತ ಚೀಲವನ್ನು ಹುಡುಕಿ ತೆಗೆದುಕೊಳ್ಳುವ ಶಾಂತತೆಯಿಂದ ತನ್ನ ತಲೆಯನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಬರುತ್ತದೆ, ನೀರಿನ ಲೋಟ ಹಿಡಿದವರ ಕಡೆಗೆ. ನಡುನಡುವೆ ಮನಸ್ಸಾದಾಗ ತಲೆಯನ್ನು ಕತ್ತಿನ ಮೇಲೆ ಇಟ್ಟುಕೊಂಡು ಒಮ್ಮೆ ಕೂಗುವುದುಂಟು. ಆ ಕೂಗು ಹತ್ತಿರದಿಂದ ಕೇಳಿದರೆ ನಾಯಕ ಭಯದಿಂದಲೇ ಸಾಯುತ್ತಾನೆ.

ಇದು ಮೋಸವಲ್ಲವೇ? ಅಲ್ಲ ಎಂದೇ ನನ್ನ ವಕಾಲತ್ತು. ಮೊದಲನೆಯದಾಗಿ, ನೆರಳುಗಳು ಎರಡು ಸಲ ಸಾಯುತ್ತವೆ ಎಂದು ಆಟದ ಹೆಸರಿನಲ್ಲೇ, ಡಬ್ಬದ ಮೇಲೇ ಅಚ್ಚಾಗಿದೆ. ಆ ಸವಲತ್ತು ನಮಗೊಬ್ಬರಿಗೇ ಎಂದುಕೊಂಡದ್ದು ನಮ್ಮ ದುರಾಸೆ. ಅಲ್ಲಿಯವರೆಗೆ ಸತ್ತು ಎದ್ದು, ಸತ್ತು ಎದ್ದು ಆಡಿದವರು ಒಂದು ಮೂಕಪ್ರಾಣಿ ಒಂದೇ ಒಂದು ಸಲ ಎದ್ದದ್ದಕ್ಕೆ ‘ಅನ್ಯಾಯ’ ಎಂದು ಕಿರುಚುವುದು ಯಾವ ಧರ್ಮ? ಎರಡನೆಯದಾಗಿ, ಆ ಕಪಿ ಮೊದಲಿನಿಂದಲೂ ಕತ್ತಿನಲ್ಲಿ ಒಂದು ಭಾರಿ ಕತ್ತಿಯನ್ನು ಸಿಕ್ಕಿಸಿಕೊಂಡೇ ಓಡಾಡುತ್ತಿತ್ತು. ಮರೆಯಲ್ಲಿ ಅಲ್ಲ, ನಮ್ಮ ಕಣ್ಣೆದುರೇ. ಕತ್ತು ತೂತಾದರೂ ಊಟ ನಿದ್ದೆ ಬಿಡದ ಜೀವ ಕತ್ತು ಹೋದ ಮಾತ್ರಕ್ಕೆ ಸಾಯುತ್ತದೆಂದು ನಂಬಿದ್ದು ಯಾರ ತಪ್ಪು? ಮೂರನೆಯದಾಗಿ, ಗೆದ್ದವರಿಗೆ ಸಿಗುವ ಬಹುಮಾನ ಇನ್ನೂ ಕೈಗೆ ಬಂದಿರಲಿಲ್ಲ. ರಶೀದಿ ಬರುವ ಮೊದಲೇ ಕೌಂಟರ್ ಬಿಟ್ಟು ಎದ್ದವರು ನಾವು. ಆ ಅಕ್ಷರಗಳು ಮೂಡಿದ್ದು ಸ್ವಲ್ಪ ಕೀಟಲೆಯೇ, ಅದನ್ನು ಒಪ್ಪುತ್ತೇನೆ. ನ್ಯಾಯಾಧೀಶರೂ ಅಪರೂಪಕ್ಕೆ ಜೋಕು ಹೇಳುತ್ತಾರೆ. ಜಪಾನಿನವರೋ ಅಮೆರಿಕದವರೋ ಬೆಚ್ಚಿದರೆ ಮಾತು ಬೇರೆ. ಮುಂಡವೇ ಮೈಯಾದ ಕಬಂಧನ, ಹನಿ ರಕ್ತಕ್ಕೊಬ್ಬನಾಗಿ ಏಳುವ ರಕ್ತಬೀಜನ, ಸೀಳಿ ಎಸೆದರೂ ಕೂಡಿಕೊಳ್ಳುವ ಜರಾಸಂಧನ ಕಥೆ ಕೇಳುತ್ತ ಬೆಳೆದ ನಾವು ಈ ಕಪಿಗೆ ಮೋಸಹೋದೆವು ಎಂದರೆ ಅಜ್ಜಿಯರಿಗೆ ಅವಮಾನ.

ಜರಾಸಂಧನ ಹೆಸರು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಇನ್ನೊಂದು ತಕರಾರಿಗೆ ಉತ್ತರ ಅಲ್ಲೇ ಇದೆ. ಯೂಟ್ಯೂಬಿನಲ್ಲಿ ಇನ್ನೊಬ್ಬರು ಗೆದ್ದ ರೀತಿ ನೋಡಿ ಗೆಲ್ಲುವುದು ಗೆಲುವೇ ಅಲ್ಲ ಎನ್ನುವ ಮಡಿವಂತರಿದ್ದಾರೆ. ಭೀಮ ಸೀಳಿದಷ್ಟೂ ಜರಾಸಂಧ ಕೂಡಿಕೊಳ್ಳುತ್ತಿದ್ದಾಗ ಕೃಷ್ಣ ದಡದಲ್ಲಿ ಕೂತು ಹುಲ್ಲುಕಡ್ಡಿಯನ್ನು ಸೀಳಿ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಎಸೆದು ತೋರಿಸಿದ. ಭೀಮ ಗೆಲ್ಲಲಿಲ್ಲ ಎಂದು ಇಂದಿನವರೆಗೆ ಯಾವ ಭಾಗವತರೂ ಹೇಳಿಲ್ಲ. ಈ ಮಡಿವಂತರದ್ದೇ ಇನ್ನೊಂದು ಮಂತ್ರ ‘ಗಿಟ್ ಗುಡ್’. ಯಾರು ಏನೇ ಕಷ್ಟ ಹೇಳಿಕೊಳ್ಳಲಿ, ಚೆನ್ನಾಗಿ ಆಡುವುದನ್ನು ಕಲಿ ಎಂಬ ಎರಡೇ ಪದದ ಉಪದೇಶ. 2022ರ ಜನವರಿಯಲ್ಲಿ ಕ್ಯಾನ್ಸರ್ ತಡೆಯ ಕೆಲಸಕ್ಕೆ ಹಣ ಕೂಡಿಸುವ ಒಂದು ಕಾರ್ಯಕ್ರಮದಲ್ಲಿ ಒಬ್ಬ ಆಟಗಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರೀ ಸದ್ದು ಕೇಳಿ, ಈ ಆಟವನ್ನು ಮುಗಿಸಿದ. ಅದನ್ನು ನೋಡಿ ನನಗೆ ಬಂದದ್ದು ಭಕ್ತಿ. ಇವರಿಗೆ ಬಂದದ್ದು ಪಕ್ಕದವನನ್ನು ಹಂಗಿಸಲು ಹೊಸ ಉದಾಹರಣೆ.

ಸೋಲು ಇಷ್ಟು ಸುಡುವುದಾದರೆ ಆಡುವುದೇಕೆ ಎಂದು ಮನೆಯವರು ಕೇಳುವುದು ಸಹಜ. ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ ಈ ಒಗಟಿನ ಮೇಲೆಯೇ 2013ರಲ್ಲಿ ‘ದಿ ಆರ್ಟ್ ಆಫ್ ಫೇಲ್ಯೂರ್’ ಎಂಬ ಪುಸ್ತಕ ಬರೆದರು. ಅದಕ್ಕೂ ಮೊದಲೇ ಅವರು ನಡೆಸಿದ ಒಂದು ಸಣ್ಣ ಪರೀಕ್ಷೆಯಲ್ಲಿ, ಒಮ್ಮೆಯೂ ಸೋಲದೆ ಮುಗಿಸಿದವರಿಗಿಂತ ಸ್ವಲ್ಪ ಸೋತು ಮುಗಿಸಿದವರೇ ಆಟಕ್ಕೆ ಹೆಚ್ಚು ಅಂಕ ಕೊಟ್ಟಿದ್ದರು. ‘ಸ್ವಲ್ಪ’ ಎಂಬ ಮಾತನ್ನು ಮಿಯಾಝಾಕಿಯವರ ತಂಡ ಓದದೆ ಬಿಟ್ಟಿರಬಹುದು. ಅದೇನೇ ಇರಲಿ, ತನ್ನ ತಪ್ಪಿನಿಂದ ಸೋತವನಿಗೆ ಮಾತ್ರ ತನ್ನ ಕೈಯಿಂದ ಗೆದ್ದೆ ಎನ್ನುವ ಹಕ್ಕಿದೆ. ದೂರುವ ಸುಖ ಬಿಟ್ಟುಕೊಟ್ಟು ಕೊಂಡ ಹಕ್ಕು ಅದು, ಅಗ್ಗದ್ದಲ್ಲ.

ಆದರೆ ನನ್ನ ವಾದಕ್ಕೆ ಎದುರಾಗಿ ಒಂದು ಸಾಕ್ಷಿಯಿದೆ, ಅದನ್ನು ನಗೆಯಾಡಿ ಕಳಿಸಲಾರೆ. ಈ ಆಟದ ನ್ಯಾಯ ನಿಂತಿರುವುದು ಎಲ್ಲರ ಬೆರಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತವೆ ಎಂಬ ಊಹೆಯ ಮೇಲೆ. ಕಂಡದ್ದಕ್ಕೆ ಕೈ ಸ್ಪಂದಿಸಲು ಸಾಮಾನ್ಯರಿಗೇ ಸುಮಾರು ಕಾಲು ಸೆಕೆಂಡು ಬೇಕು. ಸಂಧಿವಾತದ ಬೆರಳಿಗೆ, ಪಾರ್ಕಿನ್ಸನ್ಸ್ ಬಂದ ಕೈಗೆ, ಒಂದೇ ಕೈ ಇರುವವರಿಗೆ ಎಷ್ಟು ಬೇಕೆಂದು ಈ ಆಟ ಕೇಳುವುದೇ ಇಲ್ಲ. ಕಷ್ಟದ ಮಟ್ಟವನ್ನು ಇಳಿಸುವ ವ್ಯವಸ್ಥೆ ಇಡಲಿಲ್ಲ, ಎಲ್ಲ ಆಟಗಾರರೂ ಒಂದೇ ಅನುಭವ ಹಂಚಿಕೊಳ್ಳಲಿ ಎಂಬುದು ಮಿಯಾಝಾಕಿಯವರ ಸಮಜಾಯಿಷಿ. ಬಾಗಿಲಲ್ಲೇ ನಿಂತವರಿಗೆ ಒಳಗಿನ ಯಾವ ಅನುಭವದ ಪಾಲು? ಒಂದು ವರ್ಷ ಮೊದಲೇ, 2018ರಲ್ಲಿ, ‘ಸೆಲೆಸ್ಟ್’ ಎಂಬ ಅಷ್ಟೇ ಹಟಮಾರಿ ಆಟ ವೇಗ ತಗ್ಗಿಸಿಕೊಳ್ಳಲು ಒಂದು ಸಹಾಯದ ವ್ಯವಸ್ಥೆ ಇಟ್ಟಿತು. ಅದರಿಂದ ಯಾರ ಗೆಲುವೂ ಸವೆದುಹೋಗಲಿಲ್ಲ. ಸೆಕಿರೊದ ನಾಯಕನೇ ಎಡಗೈ ಕಳೆದುಕೊಂಡವನು. ಕಥೆ ಶುರುವಾಗುತ್ತಲೇ ಮುದಿ ಶಿಲ್ಪಿಯೊಬ್ಬ ಅವನಿಗೆ ಕೃತಕ ಕೈ ಜೋಡಿಸಿಕೊಡುತ್ತಾನೆ, ಅದರಲ್ಲಿ ಕೊಡಲಿ, ಪಟಾಕಿ ಎಲ್ಲ ಉಂಟು. ಒಂಟಿಗೈಯ ನಾಯಕನಿಗೆ ಇಷ್ಟೆಲ್ಲ ಯೋಚಿಸಿದವರಿಗೆ ಒಂಟಿಗೈಯ ಆಟಗಾರ ಹೊಳೆಯಲೇ ಇಲ್ಲ. ಕಪಿಯನ್ನು ಬಿಡಿಸಿಕೊಂಡು ಬರಬಲ್ಲೆ, ಇದನ್ನು ಬಿಡಿಸಿಕೊಂಡು ಬರಲು ನನ್ನಿಂದಾಗದು.

ಉಳಿದದ್ದು ಸೋತ ಸಿಟ್ಟಿಗೆ ಕಂಟ್ರೋಲರ್ ಎಸೆಯುವ ವಿಚಾರ. ಸೋಲು ನಮ್ಮದೇ ಎಂದಾದರೆ ಪೆಟ್ಟು ಅದಕ್ಕೇಕೆ? ಇಡೀ ವ್ಯವಹಾರದಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದು ಅದೊಂದೇ. ಹೆಬ್ಬೆರಳು ತಡವಾಗಿ ಒತ್ತಿತು ಎಂದು ಕಂಡು, ಕಂಡದ್ದನ್ನು ತಿದ್ದದೆ ಪರದೆಗೆ ತಿಳಿಸಿದ ಪ್ರತ್ಯಕ್ಷ ಸಾಕ್ಷಿ ಅದು. ಸಾಕ್ಷಿಗೆ ಹೊಡೆಯುವ ಪದ್ಧತಿ ಹೊಸದೇನಲ್ಲ. ಆದರೂ ಎಸೆಯುವವರನ್ನು ಗಮನವಿಟ್ಟು ನೋಡಿ. ಬುದ್ಧಿ ಪೂರ್ತಿ ಕೆಟ್ಟಿದೆ ಎನ್ನುವ ಆ ಕ್ಷಣದಲ್ಲೂ ಗೋಡೆ, ಟಿ.ವಿ., ನೆಲ ಮೂರನ್ನೂ ಬಿಟ್ಟು, ಐದಾರು ಸಾವಿರ ರೂಪಾಯಿಯ ಬೆಲೆಯನ್ನು ಮನಸ್ಸಿನಲ್ಲೇ ಲೆಕ್ಕಹಾಕಿ, ಸೋಫಾದ ಮೇಲಿನ ಅತ್ಯಂತ ಮೆತ್ತಗಿನ ದಿಂಬಿನ ನಟ್ಟನಡುವೆ ಬೀಳುವ ಹಾಗೆ ಎಸೆಯುತ್ತಾರೆ. ಕಾಲು ಸೆಕೆಂಡಿನಲ್ಲಿ ಇಷ್ಟು ಕರಾರುವಾಕ್ಕಾಗಿ ಓಡುವ ಕೈ ಕಪಿಯ ಎದುರು ಎಲ್ಲಿ ಹೋಗಿತ್ತು ಎಂದು ಮನೆಯವರು ಕೇಳಿದರೆ, ಈ ವಕೀಲನಿಗೆ ವಾಯಿದೆ ಬೇಕು.